ಬೆನ್ನು ಕೇಳಿದ ಲಂಗರು

ನಾನು ಒಂದು ಲಂಗರು. ನಾಲ್ಕು ಕೊಕ್ಕೆಗಳ, ಇಪ್ಪತ್ತೈದು ಕಿಲೋ ತೂಕದ ಕಬ್ಬಿಣ. ಬಂದರಿನ ಪಕ್ಕದ ಕುಲುಮೆಯಲ್ಲಿ, ಹಳೆಯ ಲಾರಿಯೊಂದರ ಗಾಲಿಯಚ್ಚಿನಿಂದ ಹುಟ್ಟಿದೆ. ಕೆಂಪಗೆ ಕಾದ ನನ್ನನ್ನು ಕಮ್ಮಾರ ನೀರಿಗೆ ಅದ್ದಿದಾಗ ಕಿರುಚಿಕೊಂಡೆ. ನೀರಿನ ಭಯ ಅಂದೇ ಅಂಟಿತು. ಬದುಕೆಲ್ಲ ನೀರಿಗೇ ಬೀಳಬೇಕಾದವನಿಗೆ ನೀರೆಂದರೆ ಭಯ! ಯಾರಿಗೆ ಹೇಳಲಿ?

ಮೊದಲ ಯಜಮಾನ ಎರಡು ವರ್ಷ ದುಡಿಸಿಕೊಂಡ. ದೊಡ್ಡ ದೋಣಿ ಬಂದೊಡನೆ ದಡದಲ್ಲಿ ಬಿಟ್ಟು ಹೋದ. ಬಿಸಿಲಲ್ಲಿ ತುಕ್ಕು ಹಿಡಿಯುತ್ತಿದ್ದ ನನ್ನನ್ನು ಎತ್ತಿಕೊಂಡವರು ಮೀನುಗಾರ ಜಟ್ಟಪ್ಪ ತಾಂಡೇಲರು. ಅವರಿಗೆ ಎರಡು ಅಭ್ಯಾಸಗಳಿದ್ದವು. ನನ್ನನ್ನು ಕಡಲಿಗೆ ಬಿಡುವ ಮುನ್ನ ನನ್ನ ನೆತ್ತಿ ಮುಟ್ಟಿ, ಕಡಲಿಗೆ "ತಾಯಿ, ಬೆನ್ನು ಕೊಡು" ಎನ್ನುತ್ತಿದ್ದರು. ಕಡಲು ಕಡೆಯುವಾಗ ಮುಳುಗಿದ ಮಂದರಗಿರಿಗೆ ಆಮೆಯಾಗಿ ಬೆನ್ನು ಕೊಟ್ಟ ಸ್ವಾಮಿಯ ಕಥೆಯನ್ನು ದಾರಿಯುದ್ದಕ್ಕೂ ರಾಗವಾಗಿ ಹೇಳುತ್ತಿದ್ದರು. ಪದ್ಯ ಮುಗಿಯುವುದಕ್ಕೂ ನಾನು ಬೀಳುವುದಕ್ಕೂ ಸರಿಹೋಗುತ್ತಿತ್ತು. ಮೇಲೆತ್ತಿದ ಮೇಲೆ ನನ್ನ ಕೊಕ್ಕೆಗೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ಮೂಸುವುದು ಇನ್ನೊಂದು ಅಭ್ಯಾಸ. ಕೆಸರೋ, ಮರಳೋ, ಚಿಪ್ಪಿನ ಪುಡಿಯೋ, ಕಡಲ ತಳವನ್ನು ಅವರು ಹಾಗೆ ಓದುತ್ತಿದ್ದರು.

ಬಲೆ ಎಳೆಯುವ ಕಸುವು ಕುಂದಿದ ಮೇಲೆ ಅವರು ಹವಳ ನೋಡಲು ಮುಳುಗುವವರಿಗಾಗಿ ದೋಣಿ ನಡೆಸತೊಡಗಿದರು. ಎರಡು ಗಂಟೆಯ ದಾರಿ. ಕೊಕ್ಕರೆಕಲ್ಲು ಎಂಬ ನಡುಗುಡ್ಡೆ. ಬಂದವರನ್ನು ನೀರಿನಡಿ ಕರೆದೊಯ್ಯುವವಳು ತಾಂಡೇಲರ ತಮ್ಮನ ಮಗಳು ಸುಗಂಧಿ. ಅಲ್ಲಿ ಹವಳಗಳ ನಡುವೆ ಮನೆಯಂಗಳದಷ್ಟು ಮರಳಿತ್ತು. ದಡದ ದೇವಸ್ಥಾನದ ಗೋಪುರ ಹಿಂದಿನ ಗುಡ್ಡದ ಕಣಿವೆಗೆ ನೇರವಾಗಿ ಕಂಡರೆ ದೋಣಿಯಡಿ ಆ ಮರಳೇ. ತಾಂಡೇಲರ ಕಣ್ಣು ಒಂದು ದಿನವೂ ತಪ್ಪಲಿಲ್ಲ. ಸುತ್ತ ಜಿಂಕೆಯ ಕೊಂಬಿನಂಥ ಹವಳಗಳು, ಊಟದೆಲೆ ಹರಡಿದಂಥ ಹವಳಗಳು. ಮೂಲೆಯಲ್ಲಿ ಗಾಡಿಯಷ್ಟು ದೊಡ್ಡದೊಂದು ಹವಳದ ಗುಂಡು. ನೂರಾರು ವರ್ಷದ್ದಂತೆ. ಸುಗಂಧಿ ಅದಕ್ಕೆ ಕೂರ್ಮ ಎಂದು ಹೆಸರಿಟ್ಟಿದ್ದಳು.

ಆಮೇಲೆ ಚಂಡಮಾರುತ ಬಂತು. ದೋಣಿಯನ್ನು ದಡಕ್ಕೆಳೆದು ತೆಂಗಿನ ಮರಗಳಿಗೆ ಬಿಗಿದರು. ಮೂರು ದಿನ ನಾನು ಮರಳಲ್ಲಿ ಮುಖ ಹುದುಗಿಸಿ ಕಡಲಿನ ಗರ್ಜನೆ ಕೇಳಿದೆ. ನೆಲದ ಮೇಲಿನ ನನಗೇ ಇಷ್ಟು ನಡುಕವಾದರೆ ಕೆಳಗಿರುವವರ ಪಾಡೇನು?

ಹನ್ನೊಂದನೆಯ ದಿನ, ಮುಳುಗುವ ಜಾಗ ಹೇಗಿದೆಯೋ ನೋಡಲೆಂದು ತಾಂಡೇಲರು, ಸುಗಂಧಿ, ಅವಳ ಜೊತೆಯ ಒಬ್ಬ ಮುಳುಗುಗಾರ, ನಾನು ಹೊರಟೆವು. ನೀರು ಅಕ್ಕಿ ತೊಳೆದ ನೀರಿನಂತಿತ್ತು. ತಳ ಕಾಣುತ್ತಿರಲಿಲ್ಲ. ಅಲೆ ಇನ್ನೂ ಇಳಿದಿರಲಿಲ್ಲ.

"ದೊಡ್ಡಪ್ಪ, ಲಂಗರು ಈಗ್ಲೇ ಬಿಡ್ಬೇಡಿ. ನಾ ಮೊದ್ಲು ಇಳಿದು ನೋಡ್ತೆ," ಎಂದಳು ಸುಗಂಧಿ.

"ಎಂತಾ ನೋಡ್ತೀಯೆ ತಂಗಿ? ಗೋಪುರ ಅಲ್ಲೇ ಇದೆ, ಗುಡ್ಡ ಅಲ್ಲೇ ಇದೆ. ಗಾಳಿ ಅವನ್ನೂ ಹೊತ್ಕೊಂಡು ಹೋಯ್ತಾ?"

"ಮೇಲಿಂದು ಅಲ್ಲೇ ಇದ್ರೆ ಕೆಳಗಿಂದೂ ಅಲ್ಲೇ ಇರ್ತದಾ?"

"ನೀ ಹುಟ್ಟೂಕೆ ಮೊದ್ಲೇ ಈ ಗುರುತು ಇತ್ತು ಮಾರಾಯ್ತಿ. ತಾಯಿ, ಬೆನ್ನು ಕೊಡು!"

ಬಿದ್ದೆ. ಮರಳಿನ ಮೆತ್ತನೆಗಾಗಿ ಕಾದೆ. ಸಿಕ್ಕಿದ್ದು ಬಳೆ ಒಡೆದ ಸದ್ದು.

ಗೋಪುರ ಕದಲಿರಲಿಲ್ಲ, ಕಡಲ ತಳ ಕದಲಿತ್ತು. ಕೊಂಬಿನ ಹವಳಗಳು ಮುರಿದು ಉರುಳಿ, ಮರಳಿನ ಅಂಗಳಕ್ಕೇ ಬಂದು ಸೇರಿದ್ದವು. ಎಲೆಹವಳಗಳು ಬೋರಲು ಬಿದ್ದಿದ್ದವು. ಒಂದು ಮೀನೂ ಇಲ್ಲ. ಆ ಮುರುಕುಗಳಲ್ಲಿ ಕೆಲವಕ್ಕೆ ಇನ್ನೂ ಬಣ್ಣವಿತ್ತು, ಜೀವವಿತ್ತು. ನಾನು ಬಿದ್ದದ್ದು ಅವುಗಳ ಮೇಲೆ.

ಅಷ್ಟರಲ್ಲಿ ಅಲೆ ದೋಣಿಯನ್ನೆಳೆಯಿತು, ದೋಣಿ ನನ್ನನ್ನೆಳೆಯಿತು. ಮುರುಕುಗಳಲ್ಲಿ ಹಿಡಿತ ಸಿಗಲಿಲ್ಲ. ಜಾರಿದೆ. ಮಬ್ಬಿನಲ್ಲಿ ಎದುರಿಗೆ ಏನೋ ಕಪ್ಪಗೆ ದೊಡ್ಡದಾಯಿತು. ಕೂರ್ಮ! ಒಂದು ಮಗ್ಗುಲು ಚಕ್ಕೆಯೆದ್ದಿತ್ತು, ನಡುವೆ ಉದ್ದ ಬಿರುಕು, ಆದರೂ ನಿಂತಿತ್ತು. ಅಲ್ಲಿ ನಿಂತು ಉಳಿದದ್ದು ಅದೊಂದೇ. ನನ್ನ ಕೊಕ್ಕೆ ಬಿರುಕಿಗೆ ಸಿಕ್ಕರೆ ಅದು ಸೀಳುತ್ತದೆ. ಸಿಗದಿದ್ದರೆ ದೋಣಿ ಹಿಂದಿರುವ ನಡುಗುಡ್ಡೆಯ ಬಂಡೆಗೆ ಬಡಿಯುತ್ತದೆ, ದೋಣಿಯಲ್ಲಿ ತಾಂಡೇಲರಿದ್ದಾರೆ. ಕಬ್ಬಿಣಕ್ಕೆ ಕೈಯಿಲ್ಲ, ಬಾಯಿಲ್ಲ. ಇನ್ನು ಮೂರು ಮಾರು. ಎರಡು.

ಹಗ್ಗ ಹಿಡಿದು ಸುಗಂಧಿ ಇಳಿದು ಬಂದಳು, ಜೊತೆಗೆ ಆ ಮುಳುಗುಗಾರ. ಗಾಜಿನ ಹಿಂದೆ ಅವಳ ಕಣ್ಣು ಅಗಲವಾಯಿತು. ಹಗ್ಗವನ್ನು ಮೂರು ಸಲ ಜಗ್ಗಿದಳು. ಹಗ್ಗ ಸಡಿಲಿಸು ಎಂಬ ಮನೆಮಂದಿಯ ಸಂಜ್ಞೆ ಅದು. ಅಲೆಯ ಜಗ್ಗಾಟದ ನಡುವೆ ಮುದುಕನ ಕೈಗೆ ಅದು ತಿಳಿದೀತೇ? ಒಂದು ಕೊಕ್ಕೆ ಕೂರ್ಮದ ಅಂಚನ್ನು ಗೀರಿತು. ಅವಳು ಮತ್ತೆ ಮೂರು ಸಲ ಜಗ್ಗಿದಳು.

ಮೇಲೆ ಇಂಜಿನ್ ಗುಡುಗಿತು. ದೋಣಿ ಮುಂದೆ ಬಂತು, ಹಗ್ಗ ಸೋತು ಬಿತ್ತು. ಇಬ್ಬರೂ ಸೇರಿ ನನ್ನನ್ನು ಹೊರಳಿಸಿ ಬಿಡಿಸಿದರು.

ಮೇಲೆತ್ತಿದಾಗ ತಾಂಡೇಲರು ಅಭ್ಯಾಸದಂತೆ ಕೊಕ್ಕೆಗೆ ಬೆರಳಿಟ್ಟರು. ಅಲ್ಲಿ ಗೇಣುದ್ದದ ಹವಳದ ಕೊಂಬೊಂದು ಸಿಕ್ಕಿಕೊಂಡಿತ್ತು. ಬೆರಳಿಗೆ ಲೋಳೆ ಹತ್ತಿತು. ಮೂಸಿದರು.

"ತಂಗಿ, ಇದು ಕಲ್ಲಲ್ಲ ಅಲ್ದಾ?"

"ಅಲ್ಲ ದೊಡ್ಡಪ್ಪ. ಬೇಗ ಕೊಡಿ, ನೀರಿಗೆ ಬಿಡ್ಬೇಕು."

"ಇಷ್ಟು ವರ್ಷ ನಾ ಬೆನ್ನು ಕೇಳ್ದೆ. ಯಾರ ಬೆನ್ನು ಅಂತ ಕೇಳ್ಲೇ ಇಲ್ಲ."

ಅಂದಿನಿಂದ ಅವರು ನನ್ನನ್ನು ಕೊಕ್ಕರೆಕಲ್ಲಿನಲ್ಲಿ ಬಿಡಲಿಲ್ಲ. ದೂರದ ಬರಿಮರಳಿನಲ್ಲಿ ಕಾಂಕ್ರೀಟಿನ ದಿಮ್ಮಿ ಇಳಿಸಿ, ಮೇಲೆ ತೇಲುಬುರುಡೆ ಕಟ್ಟಿದರು. ದೋಣಿಯನ್ನು ಅದಕ್ಕೇ ಕಟ್ಟಿ ನಿಲ್ಲಿಸುತ್ತಾರೆ. ನನ್ನ ಗತಿ? ಗುಜರಿಯವನು ಬಂದು ತೂಗಿಯೂ ನೋಡಿದ. ತಾಂಡೇಲರು ಒಪ್ಪಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಕೂರ್ಮದ ಪಕ್ಕಕ್ಕೆ ಇಳಿಸಿದರು. ಎಸೆಯಲಿಲ್ಲ, ಕೂಸನ್ನು ತೊಟ್ಟಿಲಿಗೆ ಇಳಿಸಿದಂತೆ ಇಳಿಸಿದರು. ಸುಗಂಧಿ ಇನ್ನೂ ಜೀವವಿದ್ದ ಒಂಬತ್ತು ಹವಳದ ಚೂರುಗಳನ್ನು, ಅಂಟಿಕೊಂಡು ಬೆಳೆಯಲೆಂದು, ನನ್ನ ಮೈಗೆ ದಾರದಿಂದ ಕಟ್ಟಿದಳು.

ನಾಲ್ಕು ಬೆಳ್ಳಗಾಗಿ ಸತ್ತವು. ಐದು ನನ್ನನ್ನು ಹಿಡಿದುಕೊಂಡಿವೆ. ಎಷ್ಟು ಮೆಲ್ಲನೆ ಹಿಡಿಯುತ್ತವೆಂದರೆ, ಹಿಡಿಯುವುದೇ ಕಸುಬಾಗಿದ್ದ ನನಗೆ ನಾಚಿಕೆಯಾಗುತ್ತದೆ.

ಭಯ ಮಾತ್ರ ಹೋಗಿಲ್ಲ, ದಿಕ್ಕು ಬದಲಿಸಿದೆ. ಒಮ್ಮೊಮ್ಮೆ ಗುರುತಿಲ್ಲದ ದೋಣಿಯ ನೆರಳು ಬಂದು ನನ್ನ ಮೇಲೆ ನಿಲ್ಲುತ್ತದೆ. ಹಲಗೆಯ ಮೇಲೆ ಕಬ್ಬಿಣ ಸರಿಯುವ ಸದ್ದು ನೀರಿನಲ್ಲಿ ಬಹಳ ಆಳದವರೆಗೆ ಕೇಳುತ್ತದೆ. ಆ ಸದ್ದು ನನಗೆ ಗೊತ್ತು. ಅದು ನನ್ನದೇ ಸದ್ದು. ಮೇಲೆ ಯಾರೋ ಬೆನ್ನು ಕೇಳುತ್ತಿರಬಹುದು. ಐದು ಜೀವಗಳನ್ನು ಹೊತ್ತು, ತಲೆಯೆತ್ತಲಾರದೆ ಕಾಯುತ್ತೇನೆ.

ಈಗ ಆ ಬೆನ್ನು ನನ್ನದು.