ತಳ ಹಿಡಿದ ಪಲ್ಯ

ಮೂರನೆಯ ಸಲವೂ ತಂಗಿ ಒಂದು ತುತ್ತು ಬಾಯಿಗಿಟ್ಟು, ನಾಲಿಗೆಯ ಮೇಲೆ ಆಡಿಸಿ, ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಚೆನ್ನಾಗಿದೆ ಅಕ್ಕಾ. ಆದ್ರೆ ಅಮ್ಮನದಲ್ಲ."

ಅಕ್ಕ ತಟ್ಟೆಯನ್ನು ಎತ್ತಿಕೊಂಡಳು. ಬಸುರಿಯ ಮೇಲೆ ಸಿಟ್ಟಾಗುವುದು ಹೇಗೆ? ತವರಿಗೆ ಬಂದಾಗಿನಿಂದ ತಂಗಿಯ ಹೊಟ್ಟೆಯಲ್ಲಿ ಗಂಜಿಯೂ ನಿಲ್ಲುತ್ತಿರಲಿಲ್ಲ. ಕೆನ್ನೆ ಬತ್ತಿಹೋಗಿತ್ತು. "ಬಾಯಿ ಏನು ಕೇಳುತ್ತೋ ಅದನ್ನೇ ಕೊಡಿ, ಆದ್ರೆ ತಿನ್ನಲೇಬೇಕು, ಮಗು ಬೆಳೀತಿಲ್ಲ" ಎಂದಿದ್ದರು ಡಾಕ್ಟರು. ತಂಗಿಯ ಬಾಯಿ ಕೇಳುತ್ತಿದ್ದದ್ದು ಒಂದೇ, ಭಾನುವಾರಗಳಂದು ಅಮ್ಮ ಮಾಡುತ್ತಿದ್ದ ಕುಂಬಳಕಾಯಿ ಪಲ್ಯ. ಅಮ್ಮನೋ, ತೀರಿಕೊಂಡು ವರ್ಷಗಳೇ ಆಗಿದ್ದವು.

ಅಕ್ಕ ಮನೆಯಲ್ಲೇ ಹೊಲಿಗೆ ಹಾಕುವವಳು. ಹಳೆಯ ರವಿಕೆಯೊಂದನ್ನು ಮುಂದಿಟ್ಟರೆ ಹೊಸದನ್ನು ಅದರ ತದ್ರೂಪವಾಗಿ ಇಳಿಸಿಬಿಡುತ್ತಿದ್ದಳು. ಆದರೆ ರುಚಿಗೆ ಅಳತೆಯ ರವಿಕೆ ಎಲ್ಲಿಂದ ತರುವುದು? ಬೆಲ್ಲ ಹೆಚ್ಚು ಮಾಡಿ ನೋಡಿದ್ದಾಯಿತು, ಮೆಣಸು ಹುರಿದು ಹಾಕಿದ್ದಾಯಿತು, ತಳ ಸವೆದ ಅಮ್ಮನ ಪಾತ್ರೆಯನ್ನೇ ಅಟ್ಟದಿಂದ ಇಳಿಸಿದ್ದೂ ಆಯಿತು. ಉರಿ ಸಣ್ಣದು ಮಾಡಿ, ಪಕ್ಕದಲ್ಲೇ ನಿಂತು, ಕಣ್ಣು ಕೀಳದೆ ಕೈಯಾಡಿಸುತ್ತಿದ್ದಳು. ಏನು ಮಾಡಿದರೂ ಅದು ಅಮ್ಮನದಾಗುತ್ತಿರಲಿಲ್ಲ.

ಮಗಳ ಮನಸ್ಸು ಬೇರೆ ಕಡೆ ಹೋಗಲಿ ಎಂದು ಅಪ್ಪ ಫೋಟೋಗಳ ಡಬ್ಬ ತಂದು ಮಂಚದ ಮೇಲೆ ಸುರಿದರು. ಕಣ್ಣು ಮಂಜಾಗುವವರೆಗೂ ಫೋಟೋ ಸ್ಟುಡಿಯೋ ನಡೆಸಿದ ಮನುಷ್ಯ. ಭಾನುವಾರ ಸ್ಟುಡಿಯೋಗೆ ರಜೆ, ಕ್ಯಾಮೆರಾಕ್ಕೆ ಮಾತ್ರ ಇಲ್ಲ. ಹಿತ್ತಲಿಗೆ ಒಳ್ಳೆಯ ಬಿಸಿಲು ಬಿತ್ತೆಂದರೆ ಸಾಕು, "ಒಂದ್ನಿಮಿಷ, ಎಲ್ರೂ ಬನ್ನಿ" ಎಂದು ಮನೆಮಂದಿಯನ್ನೆಲ್ಲ ಹೊರಗೆ ಹೊರಡಿಸುತ್ತಿದ್ದರು. ಬೀದಿಯವರೆಲ್ಲ ಅವರನ್ನು 'ಒಂದ್ನಿಮಿಷದ ಯಜಮಾನ್ರು' ಎಂದೇ ಕರೆಯುತ್ತಿದ್ದರು.

"ಅಯ್ಯೋ, ಅಕ್ಕನ ಜಡೆ ನೋಡು, ಇಲಿ ಬಾಲ!" ತಂಗಿ ಬಹಳ ದಿನಗಳ ಮೇಲೆ ನಕ್ಕಳು. ಅಕ್ಕನೂ ಬಗ್ಗಿ ನೋಡಿದಳು.

"ನಿನ್ನ ಮೂಗು ನೋಡ್ಕೋ ಮೊದ್ಲು. ಸೋರೋ ನಲ್ಲಿ."

ಒಂದೊಂದಾಗಿ ತಿರುವುತ್ತಿದ್ದ ತಂಗಿ ತಟ್ಟನೆ ಕೈ ನಿಲ್ಲಿಸಿದಳು. "ಅಕ್ಕಾ, ಅಮ್ಮ ಒಂದ್ರಲ್ಲೂ ಕ್ಯಾಮೆರಾ ನೋಡೇ ಇಲ್ವಲ್ಲೇ!"

ನಿಜವೇ. ಪ್ರತಿಯೊಂದರಲ್ಲೂ ಅಮ್ಮ ಸಾಲಿನ ಕೊನೆಯಲ್ಲಿ, ಕೈಯಲ್ಲಿ ಸೌಟು, ಕತ್ತು ಅಡುಗೆಮನೆಯ ಬಾಗಿಲ ಕಡೆಗೆ. ಒಂದು ಕಾಲು ಆಗಲೇ ಹೊಸ್ತಿಲ ಕಡೆ ಹೊರಟಂತಿತ್ತು.

"ಎಲ್ಲಿ ನೋಡ್ತಾಳೆ? ಒಲೆ ಮೇಲೆ ಪಲ್ಯ ಇರ್ತಿತ್ತಲ್ಲ," ಅಪ್ಪ ಗೊಣಗಿದರು. "ನಾನು ಬೆಳಕು ಸರಿಮಾಡ್ಕೊಳ್ಳೋದ್ರೊಳಗೆ ತಳ ಹಿಡೀತಿತ್ತು. ಓಡಿಹೋಗಿ ನೀರು ಚಿಮುಕಿಸಿ, ಕೆರೆದು ಕಲಸಿಬಿಡೋಳು. ನಿಮ್ಗೆ ಗೊತ್ತಾಗ್ದ ಹಾಗೆ. ಆಮೇಲೆ ರಾತ್ರಿವರ್ಗೂ ನನಗೆ ಮಂಗಳಾರತಿ."

"ಯಾವಾಗ್ಲೋ ಒಂದ್ಸಲ ತಾನೇ?" ಎಂದಳು ಅಕ್ಕ.

"ಸೀಯದ ಭಾನುವಾರ ಯಾವ್ದಿತ್ತು ಹೇಳು!"

ಅಕ್ಕ ಕೈಯಲ್ಲಿದ್ದ ಫೋಟೋವನ್ನು ಕೆಳಗಿಟ್ಟು ಎದ್ದಳು. ಉಳಿದಿದ್ದ ಅರ್ಧ ಕುಂಬಳಕಾಯಿಯನ್ನು ಹೆಚ್ಚಿ, ಒಗ್ಗರಣೆ ಕೊಟ್ಟು, ಬೆಲ್ಲ ಹಾಕಿ ಅಮ್ಮನ ಪಾತ್ರೆಯನ್ನು ಉರಿಯ ಮೇಲೆ ಬಿಟ್ಟಳು. ಆಮೇಲೆ ಸೌಟು ಹಿಡಿದುಕೊಂಡೇ ತಂಗಿಯನ್ನೂ ಅಪ್ಪನನ್ನೂ ಹಿತ್ತಲಿಗೆ ಹೊರಡಿಸಿದಳು.

"ಅಪ್ಪಾ, ಕ್ಯಾಮೆರಾ ತೆಗೀರಿ. ನಮ್ಮಿಬ್ರದೂ ಒಂದು ಫೋಟೋ."

"ಈಗ್ಲಾ? ಒಲೆ ಮೇಲೆ..."

"ಅದಕ್ಕೇ ಈಗ್ಲೇ."

ಅಪ್ಪ ಅವಳ ಮುಖವನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿದರು. ಕ್ಯಾಮೆರಾ ತಂದು, ಕನ್ನಡಕ ಒರೆಸಿ, ತಂಗಿಯ ಗದ್ದ ಎತ್ತಿಸಿ, ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದು, "ಒಂದ್ನಿಮಿಷ" ಎಂದರು. ಅಷ್ಟರಲ್ಲಿ ಬೆಲ್ಲ ಕರಕಲಾಗುವ ವಾಸನೆ ಬಾಗಿಲು ದಾಟಿ ಬಂತು. ಅಕ್ಕನ ಕತ್ತು ತಾನಾಗಿ ಆ ಕಡೆ ಹೊರಳಿತು.

"ಇಲ್ಲಿ ನೋಡಮ್ಮಾ!" ಎನ್ನುತ್ತಲೇ ಅಪ್ಪ ಗುಂಡಿ ಒತ್ತಿದರು.

ಅಕ್ಕ ಓಡಿದಳು. ನೀರು ಚಿಮುಕಿಸಿ, ತಳ ಕೆರೆದು ಕಲಸಿ, ತಟ್ಟೆಗೆ ಹಾಕಿ ತಂದಳು. ತಂಗಿ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ತುಂಬಿತು. ಎರಡನೆಯ ತುತ್ತಿಗೆ ಕೈ ಹಾಕಿದಳು, ಆಮೇಲೆ ಮೂರನೆಯದಕ್ಕೆ.

"ಇನ್ನೂ ಇದ್ಯಾ?" ಎಂದು ತಟ್ಟೆ ಮುಂದೆ ಚಾಚಿದಳು.

ಇದ್ದಷ್ಟನ್ನೂ ಬಳಿದು ಬಡಿಸಿದ ಮೇಲೆ ಅಕ್ಕ ಕರಿ ಹಿಡಿದ ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ತೆಂಗಿನ ನಾರಿಗೆ ಕೈ ಚಾಚಿದಳು. ನಾರು ಅಪ್ಪನ ಕೈಯಲ್ಲಿತ್ತು.

"ಸರಿ ಆ ಕಡೆ," ಎಂದರು ಅಪ್ಪ, ಅಂಗಿಯ ತೋಳು ಮಡಚುತ್ತ. "ಫೋಟೋ ತೆಗೆದೋರೇ ಪಾತ್ರೆ ಉಜ್ಜಬೇಕು ಅಂತ ಬಡ್ಕೊಳ್ತಿದ್ಲು ನಿಮ್ಮಮ್ಮ."