ಎರವಲು ಪಾದ

ಒಗೆಯುವ ಮುನ್ನ ಅಂಗಿಯ ಜೇಬಿಗೆ ಕೈ ಹಾಕಿ ನೋಡುವುದು ತೇಜಶ್ರೀಗೆ ಅಭ್ಯಾಸವಾಗಿತ್ತು. ಪೆನ್ಸಿಲಿನ ತುಂಡು, ಬಸ್ ಟಿಕೆಟ್ಟು, ರಬ್ಬರಿನ ಪುಡಿ ಸಿಗುತ್ತಿದ್ದವು. ಸೋಮವಾರ ಬೆಳಿಗ್ಗೆ ಬಕೆಟ್ಟಿನ ಮುಂದೆ ಕೂತು ಗಂಡ ಮಧುಕರನ ನೀಲಿ ಅಂಗಿಯಿಂದ ಒಂದು ಚೀಟಿ ತೆಗೆದ ಮೇಲೆ, ಈ ಅಂಗಿಯನ್ನು ಇನ್ನು ಯಾರೂ ತೊಡುವುದಿಲ್ಲ ಎಂದು ನೆನಪಾಯಿತು. ಅವನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ನೆಂಟರು ನಿನ್ನೆ ಸಂಜೆ ಹೊರಟುಹೋಗಿದ್ದರು. ನಲ್ಲಿಯಲ್ಲಿ ಎಂದಿನಂತೆ ಏಳಕ್ಕೆ ನೀರು ಬಂದಿತ್ತು.

ಚೀಟಿಯ ಮೇಲೆ ಚಿತ್ರಕಲಾ ಶಾಲೆಯ ಮೊಹರಿತ್ತು. ಕೆಳಗೆ ಯಾರದೋ ದುಂಡನೆಯ ಅಕ್ಷರ. 'ಪ್ಲಾಸ್ಟರ್ ಪಾದ, ಎಡಗಾಲು, ಒಂದು. ಕಿರುಬೆರಳು ಮುರಿದಿದೆ. ಹಿಂದಿರುಗಿಸುವ ದಿನ ಮಾರ್ಚ್ ಹದಿನೈದು, ೨೦೦೪.'

ಅದು ಇವತ್ತೇ. ಅವಳು ನೆನೆಯದ ಅಂಗಿಯನ್ನು ಮಡಿಚಿಟ್ಟಳು. ಮತ್ತೆ ಬಿಡಿಸಿದಳು. ಮೂಗಿನ ಹತ್ತಿರ ತಂದು, ಬೇಡವೆಂದು ಹಗ್ಗದ ಮೇಲೆ ಹಾಕಿದಳು. ಚಪ್ಪಲಿ ಮೆಟ್ಟಿದಾಗ ಅತ್ತೆ ಆದಿಲಕ್ಷ್ಮಿ ಅಡುಗೆಮನೆಯಿಂದ ಬಂದರು.

"ಇವತ್ತೇ ಆಚೆ ಹೋಗ್ತೀಯೇನಮ್ಮ? ನೋಡ್ದೋರು ಏನಂತಾರೆ?"

"ಅನ್ನೋದೆಲ್ಲ ನಾವು ಮನೇಲಿ ಬುದ್ಧನ ಫೋಟೋ ಹಾಕಿದ ದಿನಾನೇ ಅಂದ್ಬಿಟ್ಟವ್ರೆ," ಎಂದರು ಜಗಲಿಯಲ್ಲಿ ಕೂತಿದ್ದ ಮಾವ ಚಲುವಯ್ಯ. "ಹೋಗ್ಬರ್ಲಿ ಬಿಡು."

ಶುಕ್ರವಾರ ಅವಳ ಕಾಲುಂಗುರ ತೆಗೆಯಲು ಬಂದ ಹೆಂಗಸರನ್ನೂ ಅವರೇ ತಡೆದಿದ್ದರು. ಅವು ಈಗಲೂ ಬೆರಳಲ್ಲಿದ್ದವು. ಇದ್ದರೂ ಇಲ್ಲದಿದ್ದರೂ ಒಂದೇ ಅನಿಸುತ್ತಿತ್ತು.

ಗರುಡಾಚಾರ್‌ಪಾಳ್ಯದಿಂದ ಬಸ್ಸು ನಿಧಾನವಾಗಿ ಸಾಗಿತು. ಸೀಟು ಸಿಕ್ಕಿದರೂ ಅವಳು ಕೂರಲಿಲ್ಲ. ಟಿನ್ ಫ್ಯಾಕ್ಟರಿ ನಿಲ್ದಾಣ ಬಂದಾಗ ಇನ್ನೊಂದು ಬದಿಯ ಕಿಟಕಿ ನೋಡಿದಳು. ಗುರುವಾರ ಅವನು ಎದೆ ಹಿಡಿದುಕೊಂಡು ಬಿದ್ದದ್ದು ಅಲ್ಲೇ. ಮೂವತ್ತೆಂಟು ವರ್ಷ. ಹದಿನೇಳು ವರ್ಷ ಸೈನ್ಯದಲ್ಲಿ ಸೇತುವೆ ಕಟ್ಟಿ, ಸುರಂಗ ತೋಡಿ ಬಂದವನಿಗೆ ಏನೂ ಆಗಿರಲಿಲ್ಲ.

ಪಿಂಚಣಿ ಬಂದ ಮೇಲೆ ಅವನು ಚಿತ್ರಕಲಾ ಶಾಲೆಗೆ ಸೇರಿದ. ಹತ್ತೊಂಬತ್ತರ ಹುಡುಗ ಹುಡುಗಿಯರು ಅವನನ್ನು ಅಂಕಲ್ ಎನ್ನುತ್ತಿದ್ದರು. ವಾರವಿಡೀ ಅಲ್ಲಿ ಕಲಿತದ್ದನ್ನು ಭಾನುವಾರ ಹಲಸೂರಿನ ಒಂದು ಕೋಣೆಯಲ್ಲಿ ಹನ್ನೊಂದು ಮಂದಿ ಮಾಜಿ ಸೈನಿಕರಿಗೆ ಹೇಳಿಕೊಡುತ್ತಿದ್ದ. ಎಲ್ಲರೂ ಈಗ ಸೆಕ್ಯುರಿಟಿ ಗಾರ್ಡುಗಳು. ಅವರು ನೋಡಿ ಬಿಡಿಸಲೆಂದೇ ಶಾಲೆಯಿಂದ ಆ ಪಾದ ತಂದಿದ್ದ. ಮದುವೆಯಾಗಿ ಮೊದಲ ಎರಡು ವರ್ಷ ಅವಳಿಗೆ ಗಂಡನೆಂದರೆ ಪತ್ರಗಳು. ಅವನು ಮನೆಗೆ ಬಂದ ಮೇಲೆ ಭಾನುವಾರಗಳು ಹೀಗೆ ಹೋದವು.

"ನಂಗೂ ಒಂದು ಭಾನುವಾರ ಕೊಡ್ರೀ," ಎಂದು ಅವಳು ಕೇಳಿದ್ದಳು.

"ಇನ್ನೊಂದು ವರ್ಷ ಕಣೇ. ಆಮೇಲೆ ಒಬ್ಬೊಬ್ರೂ ಅವರವರ ಬೀದಿ ಮಕ್ಕಳಿಗೆ ಹೇಳ್ಕೊಡ್ತಾರೆ. ನಾನ್ಯಾಕೆ ಬೇಕು ಅಲ್ಲಿ? ಎಲ್ಲಾ ಭಾನುವಾರಾನೂ ನಿಂದೇ."

ಸಿಟ್ಟಿಗೆ ಅವಳು ಒಮ್ಮೆಯೂ ಆ ಕೋಣೆಗೆ ಹೋಗಿರಲಿಲ್ಲ. ಇವತ್ತು ಹೋಗಿ ಪಾದ ತೆಗೆದುಕೊಳ್ಳುವುದು, ಶಾಲೆಗೆ ಕೊಡುವುದು. ಸಂಜೆಯೊಳಗೆ ಅಷ್ಟೂ ಮುಗಿಯುತ್ತದೆ ಎಂದುಕೊಂಡಿದ್ದಳು.

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ, ಬಡಾವಣೆಯ ಸಂಘದ ಕೋಣೆಯ ಬಾಗಿಲು ತೆರೆದೇ ಇತ್ತು. ಗಾರ್ಡಿನ ಸಮವಸ್ತ್ರ ತೊಟ್ಟ ಇಬ್ಬರು ಎದ್ದು ನೆಟ್ಟಗೆ ನಿಂತರು. ಮಣ್ಣಿನ ದಿನ ದೂರದಿಂದ ಅವಳನ್ನು ನೋಡಿದ್ದರು. ಬಿಳಿ ಮೀಸೆಯವನು ತಾನು ಮುನಿರಾಜಪ್ಪ ಎಂದ. ಕಪ್ಪಗೆ ಎತ್ತರವಿದ್ದವನು ಕಲಬುರಗಿ ಕಡೆಯ ಸಾಯಬಣ್ಣ.

"ಬರ್ತೀರಾಂತ ಗೊತ್ತಿತ್ತು ಮೇಡಂ," ಎಂದ ಮುನಿರಾಜಪ್ಪ. "ಇವತ್ತು ಡೇಟಲ್ವಾ? ಎಲ್ಲಾ ರೆಡಿ ಮಾಡಿದೀವಿ."

ಮೇಜಿನ ಮೇಲಿನ ಬಟ್ಟೆ ತೆಗೆದ. ಪಾದ ಹೊಸ ಫ್ರಿಜ್ಜಿನ ಬಾಗಿಲಿನ ಹಾಗೆ ಹೊಳೆಯುತ್ತಿತ್ತು.

"ಎರಡು ಕೋಟ್ ಎನಾಮಲ್ ಹೊಡ್ದೀವ್ರೀ," ಎಂದ ಸಾಯಬಣ್ಣ. "ಶನಿವಾರ ಡ್ಯೂಟಿ ಮುಗಿಸ್ಕೊಂಡು ಬಂದು. ಕಿರುಬೆರಳು ಇರ್ಲಿಲ್ಲಲ್ರೀ, ಅದನ್ನೂ ವೈಟ್ ಸಿಮೆಂಟ್ ಹಾಕಿ ನಾನ ಕೂಡ್ಸೀನಿ."

"ಸೇತುವೆ ಕಟ್ಟೋನು ಇವ್ನು. ಬೆರಳೂ ಹಂಗೇ ಕಟ್ಟಿದಾನೆ ನೋಡಿ, ಲಾರಿ ಹತ್ತಿಸಿದ್ರೂ ಮುರಿಯಲ್ಲ."

"ನೀ ಸುಮ್ಕಿರಪ್ಪ. ನೀ ಏನ್ ಮಾಡ್ದಿ? ಡಬ್ಬಿ ಹಿಡ್ಕೊಂಡು ನಿಂತಿದ್ದಿ."

ಬೆರಳು ಉಳಿದವಕ್ಕಿಂತ ದಪ್ಪಗಿತ್ತು. "ಬಣ್ಣ ಯಾಕೆ?" ಎಂದು ತೇಜಶ್ರೀ ಕೇಳಿದಳು.

ಮುನಿರಾಜಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಇಸ್ಕೊಂಡ ಸಾಮಾನು ಇಸ್ಕೊಂಡಿದ್ದಕ್ಕಿಂತ ಚೆನ್ನಾಗಿ ವಾಪಸ್ ಕೊಡ್ಬೇಕಲ್ವಾ ಮೇಡಂ? ಪಲ್ಟನ್ನಲ್ಲಿ ಸಾಹೇಬ್ರು ಬರ್ತಾರೆ ಅಂದ್ರೆ ದಾರೀಲಿರೋ ಕಲ್ಲಿಗೂ ಬಣ್ಣ ಹೊಡೀತಿದ್ವಿ. ಇದು ಸಾರ್ ಸೈನ್ ಮಾಡಿ ತಂದಿದ್ದು. ನಾಳೆ ಅವ್ರ ಹೆಸರಿಗೆ ಒಂದ್ಮಾತು ಬರ್ಬಾರ್ದು."

ಅವಳು ಗೋಡೆಯ ಕಡೆ ತಿರುಗಿದಳು. ಗೋಡೆ ತುಂಬ ಪಾದಗಳು. ಪ್ರತಿ ಹಾಳೆಯ ಮೂಲೆಯಲ್ಲಿ ಬೇರೊಬ್ಬರ ಕೈಬರಹದಲ್ಲಿ ಒಂದು ಸಾಲು. 'ಹಿಮ್ಮಡಿ ದಪ್ಪ.' 'ಕಾಲು ತೇಲ್ತಾ ಇದೆ, ನೆಲ ಎಲ್ಲಿ?'

"ಸಾರ್ ರೂಲು," ಎಂದ ಮುನಿರಾಜಪ್ಪ. "ಒಬ್ಬರ ಚಿತ್ರ ಇನ್ನೊಬ್ಬರು ನೋಡಿ ಒಂದೇ ಒಂದು ತಪ್ಪು ಬರೀಬೇಕು. ಚೆನ್ನಾಗಿದೆ ಅನ್ನಂಗಿಲ್ಲ. ಸಾರ್ ಚಿತ್ರಕ್ಕೂ ನಾವೇ ಬರೀಬೇಕು. ಬೂಟು ಎಷ್ಟು ಬೇಕಾದ್ರೂ ಬಿಡಿಸ್ತಿದ್ವಿ ಮೇಡಂ, ಇಪ್ಪತ್ತು ವರ್ಷ ಪಾಲಿಷ್ ಹಾಕಿದ್ವಲ್ಲ. ಕಾಲು ಹೆಂಗಿರತ್ತೆ ಅಂತ ನೋಡೇ ಇರ್ಲಿಲ್ಲ."

ಕಿಟಕಿಯ ಪಕ್ಕದ ಒಂದು ಹಾಳೆ ಹಳತಾಗಿತ್ತು. ಅದು ಪ್ಲಾಸ್ಟರಿನದಲ್ಲ. ಹೊದಿಕೆಯಿಂದ ಆಚೆ ಬಂದ ಹೆಣ್ಣಿನ ಕಾಲು, ಎರಡನೆಯ ಬೆರಳಲ್ಲಿ ಉಂಗುರ, ಆ ಬೆರಳು ಮೂರನೆಯದರ ಮೇಲೆ ಒರಗಿತ್ತು.

"ಪ್ಲಾಸ್ಟರ್ ಸಿಗೋಕೆ ಮುಂಚೆ ಸಾರ್ ಇದನ್ನ ತಂದಿದ್ರು. ಆರು ತಿಂಗಳು ಇದನ್ನೇ ನೋಡಿ ಕಲ್ತಿದ್ದು. ಯಾರದ್ದು ಸಾರ್ ಅಂದ್ರೆ ನಗ್ತಿದ್ರು."

ತೇಜಶ್ರೀ ಕಾಲನ್ನು ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡಳು. ಹಾಳೆಯ ಮೂಲೆಯಲ್ಲಿ ಸಾಯಬಣ್ಣನ ಹೆಸರಿತ್ತು. 'ನೆರಳು ಸಾಲ್ದು.' ಅದರ ಕೆಳಗೆ ಮಧುಕರನ ಅಕ್ಷರ. 'ನಿಜ. ಅಷ್ಟರಲ್ಲಿ ಅವಳಿಗೆ ಎಚ್ಚರಾಯಿತು.'

ಅವಳು ಅದನ್ನು ಎರಡು ಸಲ ಓದಿದಳು. ಹಾಳೆಯ ಅಂಚು ಹನ್ನೊಂದು ಜನರ ಬೆರಳಿನಿಂದ ಮಾಸಿತ್ತು.

ಹೊರಡುವಾಗ ಮುನಿರಾಜಪ್ಪ ಒಂದು ಕೀಲಿಯನ್ನೂ ಮಡಿಚಿದ ಕಾಗದವನ್ನೂ ಮುಂದೆ ಹಿಡಿದ. "ಕೋಣೆ ಸಾರ್ ಹೆಸರಲ್ಲಿದೆ. ಮನೆಯವ್ರು ಯಾರಾದ್ರೂ ಈ ಕಾಗದದಲ್ಲಿ ಹೆಸರು ಹಾಕಿದ್ರೆ ಇಟ್ಕೋಬೋದಂತೆ. ಇಲ್ಲಾಂದ್ರೆ ಇವತ್ತು ಸಂಜೆ ಸಂಘಕ್ಕೆ ವಾಪಸ್. ಟೈಲರಿಂಗ್ ಕ್ಲಾಸಿನವ್ರು ಕಾಯ್ತಾ ಇದಾರೆ."

"ನೀವೇ ಹಾಕಿ."

"ನಾವು ಗಾರ್ಡುಗಳು ಮೇಡಂ. ಇವತ್ತು ಹಲಸೂರು, ನಾಳೆ ದೊಡ್ಡನೆಕ್ಕುಂದಿ. ನಮ್ಮನ್ನ ನಂಬಿ ಯಾರು ಕೊಡ್ತಾರೆ?"

"ನಂಗೆ ಚಿತ್ರ ಗೊತ್ತಿಲ್ಲ."

"ತಪ್ಪು ಬರ್ಕೊಳ್ಳೋದು ನಾವೇ ಬರ್ಕೊಳ್ತೀವ್ರೀ," ಎಂದ ಸಾಯಬಣ್ಣ ಮೆಲ್ಲಗೆ. "ಬಾಗಿಲು ತೆಗ್ಯಾಕ ಒಂದು ಹೆಸ್ರು ಬೇಕ್ರೀ."

ಅವಳು ಕೀಲಿ, ಕಾಗದ ಎರಡನ್ನೂ ಚೀಲಕ್ಕೆ ಹಾಕಿ, ಪಾದವನ್ನು ಸೊಂಟಕ್ಕೆ ಒತ್ತಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಜನ ಪಾದವನ್ನೂ ಅವಳನ್ನೂ ನೋಡಿದರು.

ಶಿವಾಜಿನಗರದ ಚಿತ್ರಕಲಾ ಶಾಲೆಯಲ್ಲಿ ಸಾಮಾನು ಕೋಣೆ ನೋಡಿಕೊಳ್ಳುವ ಬಿಲ್ಕೀಸ್ ಕನ್ನಡಕ ಏರಿಸಿದರು. "ಮಧುಕರ್ ಭಾಯಿ ಮನೆಯವ್ರಾ?" ಎಂದು ಕೇಳಿ ಕುರ್ಚಿ ಮುಂದೆ ಸರಿಸಿದರು. ಆಮೇಲೆ ಪಾದ ನೋಡಿದರು. "ಅರೆ ಅಲ್ಲಾ! ಇದಕ್ಕೇನಾಯ್ತು?"

ತೇಜಶ್ರೀ ಹೇಳಿದಳು. ಬಿಲ್ಕೀಸ್‌ಗೆ ನಗು ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. "ಒಳ್ಳೇ ಮನ್ಸಿನವ್ರು. ಆದ್ರೆ ನೋಡಿ ಬೇಟಾ, ಕಿಟಕಿಯೆಲ್ಲಾ ಇದ್ರಲ್ಲೇ ಕಾಣ್ತಿದೆ. ನೆರಳು ಎಲ್ಲಿ ನಿಲ್ಲತ್ತೆ? ಮಕ್ಳು ಏನು ಬಿಡಿಸ್ತಾರೆ? ನೀವು ಬಿಟ್ಟು ಹೋಗಿ, ನಾನು ಯಾರಿಗಾದ್ರೂ ಹೇಳ್ತೀನಿ."

"ಸ್ಯಾಂಡ್‌ಪೇಪರ್ ಇದ್ಯಾ?"

ಅವಳು ಚಪ್ಪಲಿ ಬಿಟ್ಟು ವೆರಾಂಡದ ಮೆಟ್ಟಿಲ ಮೇಲೆ ಕೂತಳು. ಮೂರು ದಿನದಲ್ಲಿ ಒಂದೇ ಕಡೆ ಇಷ್ಟು ಹೊತ್ತು ಕೂತದ್ದು ಇದೇ ಮೊದಲು. ಹಿಮ್ಮಡಿ, ಗಿಣ್ಣು, ಬೆರಳ ಸಂದುಗಳು. ಹೊಳಪು ಹೋದಲ್ಲಿ ಮೃದುವಾದ ಬಿಳುಪು ಹೊರಬಂತು. ಪಾದದ ಕಮಾನಿನ ಕೆಳಗೆ ಮೊದಲ ಸಲ ನೆರಳು ಕಂಡಿತು. ಪುಡಿ ಅವಳ ಬರಿಗಾಲಿನ ಸುತ್ತ ಉದುರುತ್ತಲೇ ಇತ್ತು. ಕಿರುಬೆರಳಿನ ಹತ್ತಿರ ಬಂದಾಗ ಅವಳ ಕೈ ನಿಂತಿತು.

ಅವಳು ಒಳಗೆ ಹೋದಾಗ ನಾಲ್ಕು ಗಂಟೆ ದಾಟಿತ್ತು.

"ಈ ಬೆರಳು ಹೊಳೀತಾನೇ ಇದ್ಯಲ್ಲ?" ಎಂದರು ಬಿಲ್ಕೀಸ್.

"ಅದೊಂದು ಹಾಗೇ ಇರ್ಲಿ."

ಬಿಲ್ಕೀಸ್ ಅವಳ ಮುಖ ನೋಡಿದರು. ಪುಸ್ತಕದಲ್ಲಿ 'ಕಿರುಬೆರಳು ಮುರಿದಿದೆ' ಎಂಬುದನ್ನು ಹೊಡೆದುಹಾಕಿ, ಸಹಿ ಮಾಡಲು ಪೆನ್ನು ಕೊಟ್ಟರು. ತೇಜಶ್ರೀ ಮಧುಕರನ ಸಹಿಯ ಪಕ್ಕದಲ್ಲಿ ತನ್ನ ಹೆಸರು ಬರೆದಳು. ಬಿಲ್ಕೀಸ್ ಪೆನ್ನಿಗೆ ಕೈ ಚಾಚಿದರು.

"ಇನ್ನೊಂದ್ನಿಮಿಷ," ಎಂದು ಅವಳು ಚೀಲದಿಂದ ಕೋಣೆಯ ಆ ಮಡಿಚಿದ ಕಾಗದ ತೆಗೆದಳು.

ಬಿಲ್ಕೀಸ್ ಪಾದವನ್ನು ಎತ್ತಿ ಕಿಟಕಿಯ ಬದಿಯ ಹಲಗೆಯ ಮೇಲೆ, ಇತರ ಪಾದಗಳ ಸಾಲಿನಲ್ಲಿಟ್ಟರು. ವೆರಾಂಡದಿಂದ ಮೇಜಿನವರೆಗೆ, ಕೆಂಪು ಗಾರೆ ನೆಲದ ಮೇಲೆ, ಅವಳ ಬರಿಗಾಲಿನ ಬಿಳಿ ಗುರುತುಗಳು ಬಂದಿದ್ದವು. ಎಲ್ಲದರಲ್ಲೂ ಎರಡನೆಯ ಬೆರಳು ಮೂರನೆಯದರ ಕಡೆ ಒರಗಿತ್ತು.