ಕೆಂಪು ಚುಕ್ಕೆಗಳ ವೆಂಕಟರಮಣಪ್ಪ

ವೆಂಕಟರಮಣಪ್ಪನವರು ನಡೆಯುತ್ತ ನಡೆಯುತ್ತ ನಡುಬೀದಿಯಲ್ಲಿ ನಿಂತುಬಿಡುತ್ತಿದ್ದರು. ಯಾರೋ ಹಿಂದಿನಿಂದ ಕರೆದರೆಂದಲ್ಲ, ಕಾಲಿಗೆ ಕಲ್ಲು ತಾಕಿತೆಂದೂ ಅಲ್ಲ. ತಲೆಯೊಳಗಿನ ಯಾವುದೋ ಪ್ರಶ್ನೆ ಕಾಲಿಗಿಳಿದು ಹೆಜ್ಜೆಯನ್ನು ಹಿಡಿದುಕೊಳ್ಳುತ್ತಿತ್ತು. ಹಿಂದೆ ಬರುವ ಎತ್ತಿನಗಾಡಿಯವನು ಪೋಲೀಸ್ ಇನ್ಸ್‌ಪೆಕ್ಟರನ್ನು ಗದರಿಸುವಂತಿಲ್ಲ, ಬಳಸಿಕೊಂಡು ಹೋಗುವ ಧೈರ್ಯವೂ ಇಲ್ಲ, ಅವನೂ ನಿಲ್ಲುತ್ತಿದ್ದ. ಒಬ್ಬ ಮನುಷ್ಯನ ಸಂದೇಹಕ್ಕಾಗಿ ಹೊಸಕೋಟೆಯ ಪೇಟೆಬೀದಿಯಲ್ಲಿ ಗಾಡಿಗಳ ಸಾಲೇ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಅಲ್ಲಿನ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವರದು ಎದುರು ಮನೆ. ಎತ್ತರದ ಆಳು, ಕುತ್ತಿಗೆ ತುಸು ಮುಂದಕ್ಕೆ ಚಾಚಿದ್ದು, ದನಿ ಮೆಲು. ಕೆಲಸದ ಉಡುಪು ಕಳಚಿದರೆ ಒಂದು ಕರಿಯ ಕೋಟು ತೊಡುವರು. ಅದರ ಗುಂಡಿಗಳನ್ನು ಸದಾ ಒಂದು ಕಾಜಾ ತಪ್ಪಿಸಿಯೇ ಹಾಕಿಕೊಳ್ಳುವುದರಿಂದ ಒಂದು ಭುಜ ಮೇಲೆದ್ದು, ಮನುಷ್ಯನೇ ಓರೆಯಾಗಿ ತೂಗುಹಾಕಿದ ಪಟದಂತೆ ಕಾಣುತ್ತಿದ್ದರು. ಯಾರೇ ಏನೇ ಸುದ್ದಿ ತಂದರೂ ‘ಏನಾಯಿತು’ ಎನ್ನುವುದಕ್ಕೆ ಮೊದಲು ‘ಎಲ್ಲಿ?’ ಎಂದು ಕೇಳುವುದು ಅವರ ಅಭ್ಯಾಸ. ಒಂದು ದಿನ ಅವರ ಮಡದಿ ಅನುಸೂಯಮ್ಮನವರು ಒಳಗಿನಿಂದ “ಅಯ್ಯೋ, ಹಾಲು ಉಕ್ಕಿಹೋಯ್ತು!” ಎಂದು ಕೂಗಿದಾಗಲೂ ಈತ “ಎಲ್ಲಿ?” ಎಂದುಬಿಟ್ಟರು. “ಒಲೆ ಮೇಲಲ್ದೆ ಕೆರೆ ಏರಿ ಮೇಲೆ ಉಕ್ಕತ್ತೇನ್ರೀ?” ಎಂದು ಆಕೆ ಹೇಳಿದ್ದು ಇಡೀ ಬೀದಿಗೆ ಕೇಳಿಸಿತು.

ಈ ಚಟಕ್ಕೆ ಕಾರಣ ಒಂದು ನಕ್ಷೆ. ಪ್ರತಿ ತಾಲ್ಲೂಕಿನಲ್ಲೂ ಹೊಡೆದಾಟ, ಹಲ್ಲೆಗಳು ನಡೆದ ಜಾಗವನ್ನು ನಕ್ಷೆಯ ಮೇಲೆ ಕೆಂಪು ಶಾಯಿಯಿಂದ ಗುರುತಿಸಬೇಕು, ಸಾವಿರ ಜನಕ್ಕೆ ಇಷ್ಟು ಎಂದು ಪ್ರಮಾಣ ಕಟ್ಟಬೇಕು, ಎಲ್ಲವನ್ನೂ ಕೂಡಿಸಿದರೆ ಮೈಸೂರು ಸಂಸ್ಥಾನದಲ್ಲಿ ಎಲ್ಲೆಲ್ಲಿ ದುಷ್ಟತನ ಹೆಚ್ಚೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ ಎಂದು ಬೆಂಗಳೂರಿನ ಮೇಲಧಿಕಾರಿಯೊಬ್ಬರು ಹುಕುಂ ಮಾಡಿದ್ದರು. ಬೇರೆಯವರು ಚುಕ್ಕೆಯಿಟ್ಟು ಕಳಿಸಿ ಕೈತೊಳೆದುಕೊಂಡರು. ವೆಂಕಟರಮಣಪ್ಪನವರು ಇನ್ನೊಂದು ಪ್ರತಿ ಬರೆದು ಮನೆಯ ಗೋಡೆಗೆ ತೂಗುಹಾಕಿ ಅದರೆದುರು ಕೂತರು.

“ಮೇಷ್ಟ್ರೇ, ಸಾವಿರ ಜನಕ್ಕೆ ಇಷ್ಟು ಹೊಡೆತ ಅಂತಾರಲ್ಲ, ಒಬ್ಬಳ ಮೈಮೇಲೇ ಪದೇ ಪದೇ ಬಿದ್ರೆ ಅದನ್ನ ಸಾವಿರ ಜನಕ್ಕೆ ಹೆಂಗೆ ಹಂಚೋದು?” ಎಂದು ಒಂದು ಸಂಜೆ ನನ್ನನ್ನು ಕೇಳಿದರು. ಭಾಗಾಕಾರವನ್ನು ಪ್ರತಿದಿನ ಕಲಿಸುತ್ತಿದ್ದವನು ನಾನು.

ಅವರನ್ನು ಹೆಚ್ಚು ಕಾಡಿದ್ದು ಕೆಂಪಲ್ಲ, ಬಿಳಿ. ಪೇಟೆಯ ಸುತ್ತಮುತ್ತ ಚುಕ್ಕೆಗಳು ಕಿಕ್ಕಿರಿದಿದ್ದವು. ಸಮೇತನಹಳ್ಳಿಯಿಂದಾಚೆಗಿನ ಒಂದು ಊರು ಮಾತ್ರ, ಅದರ ಹೆಸರು ಇಲ್ಲಿ ಬೇಡ, ಒಂದೂ ಕಲೆಯಿಲ್ಲದೆ ಹಾಲಿನಂತಿತ್ತು. ಮೇಲಧಿಕಾರಿ ಅದನ್ನು ಮಾದರಿಯೆಂದು ಹೊಗಳಿದ್ದರಂತೆ. “ಅಲ್ಲಿಯವರು ಹೆಂಗೆ ಬಾಳ್ತಾರೆ ಅಂತ ನೋಡ್ಕೊಂಡು ಬರೋಣ ಬನ್ನಿ” ಎಂದು ಒಂದು ಭಾನುವಾರ ನನ್ನನ್ನೂ ಸೈಕಲ್ಲು ಹತ್ತಿಸಿದರು. ಆ ಊರಿನವರ ಸದ್ಗುಣವನ್ನು ಕಲಿತು ಮಿಕ್ಕ ಊರುಗಳಿಗೆ ಹಂಚಬೇಕೆಂಬ ಮುಗ್ಧ ಉತ್ಸಾಹ ಅವರ ಮುಖದಲ್ಲಿತ್ತು.

ಪಟೇಲ ಚಿಕ್ಕಬೀರಪ್ಪ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. “ನಮ್ಮೂರಲ್ಲಿ ಗಲಾಟೆ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ ಸ್ವಾಮಿ. ಎಲ್ಲಾ ಒಂದೇ ಮನೆಯೋರ ಹಂಗವ್ರೆ” ಎಂದ. ಹಿತ್ತಲಿನಿಂದ ಕೂಲಿಯ ಹೆಂಗಸೊಬ್ಬಳು ಮಜ್ಜಿಗೆಯ ಚೊಂಬು ತಂದಿಟ್ಟಳು. ಆಕೆಯ ಬಲಗೈ ಮೊಣಕೈಯ ಕೆಳಗೆ ಸೊಟ್ಟಗೆ ಕೂಡಿಕೊಂಡಿತ್ತು.

“ಕೈಗೆ ಏನಾಯ್ತಮ್ಮ?” ಎಂದರು ವೆಂಕಟರಮಣಪ್ಪನವರು. ಆಕೆ ಪಟೇಲನತ್ತ ನೋಡಿ, “ಬಿದ್ದೆ ಸಾಮಿ” ಎಂದು ಒಳಹೋದಳು.

ಊರಾಚೆಯ ಬೇಲಿಯ ಬಳಿ ನಾವು ಸೈಕಲ್ಲು ತಳ್ಳಿಕೊಂಡು ಬರುವಾಗ ಅದೇ ಹೆಂಗಸು ಹುಲ್ಲಿನ ಹೊರೆ ಹೊತ್ತು ಎದುರಾದಳು. ಹೆಸರು ಬೈರಮ್ಮ. ಇನ್ಸ್‌ಪೆಕ್ಟರು ಏನೂ ಕೇಳಲಿಲ್ಲ. ಅವರ ಪದ್ಧತಿಯಂತೆ ಸುಮ್ಮನೆ ನಿಂತುಬಿಟ್ಟರು. ಆ ನಿಲುವೇ ಆಕೆಯನ್ನು ಮಾತಾಡಿಸಿತೋ ಏನೋ.

“ಬದುವಿನ ಹುಲ್ಲು ಕೊಯ್ದೆ ಅಂತ ದೊಣ್ಣೇಲಿ ಹೊಡುದ್ರು ಸಾಮಿ. ನನ್ನೊಬ್ಳಿಗೇ ಅಲ್ಲ.”

“ಠಾಣೆಗೆ ತಿಳಿಸ್ಲಿಲ್ವೇ?”

“ಠಾಣೆಗೆ ಬರ್ದು ಕಳ್ಸೋರು ಪಟೇಲ್ರು. ಹೊಡ್ದಿದ್ದು ಅವ್ರ ತಮ್ಮ.”

ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ಸೈಕಲ್ಲು ಹತ್ತಲೇ ಇಲ್ಲ.

ಮರುವಾರದಿಂದ ಅವರ ಅಪ್ಪಣೆಯಂತೆ ಠಾಣೆಯ ದಫೇದಾರ ರಾಮಾಂಜಿನಪ್ಪ ವಾರಕ್ಕೊಮ್ಮೆ ಆ ಊರಿನ ಹುಣಸೆಮರದ ಕೆಳಗೆ ಕೂತು, ಪಟೇಲನ ಹಂಗಿಲ್ಲದೆ ದೂರು ಬರೆದುಕೊಳ್ಳತೊಡಗಿದ. ಮೊದಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಬೈರಮ್ಮ ಬಂದು ಹೇಳಿಸಿ ಬರೆಸಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಮಳೆಗಾಲ ಕಳೆಯುವಷ್ಟರಲ್ಲಿ ಆ ಹಾಲಿನಂಥ ಊರು ತಾಲ್ಲೂಕಿನಲ್ಲೇ ಅತ್ಯಂತ ಕೆಂಪಾಗಿ, ನಕ್ಷೆಯ ಮೇಲೆ ಕುಂಕುಮ ಚೆಲ್ಲಿದಂತಾಯಿತು. ಬೈರಮ್ಮನ ಮೊಕದ್ದಮೆ ನಡೆದು ಪಟೇಲನ ತಮ್ಮನಿಗೆ ಕೆಲವು ತಿಂಗಳ ಸಜೆಯೂ ಆಯಿತು. ಆದರೆ ಅವನು ಸೆರೆಮನೆಯಲ್ಲಿದ್ದಾಗಲೇ ಅವನ ಕಡೆಯವರು ಬೈರಮ್ಮನ ಗಂಡನನ್ನು ಕೆರೆಯಂಗಳದಲ್ಲಿ ತಡೆದು ಬಡಿದರು. ಸಾಕ್ಷಿ ಹೇಳಿದವರಿಗೆ ಕೂಲಿ ಕರೆಯುವುದನ್ನು ನಿಲ್ಲಿಸಿದರು.

ವೆಂಕಟರಮಣಪ್ಪನವರ ನಿಜವಾದ ಗೊಂದಲ ಆಗ ಶುರುವಾಯಿತು. ಗೋಡೆಯೆದುರು ಕೂತು, “ಈ ಚುಕ್ಕೆ ಹಳೇ ನೋವಿನ ಚುಕ್ಕೆಯೋ, ನಾನು ದಫೇದಾರನ್ನ ಕಳಿಸಿದ್ದಕ್ಕೆ ಹುಟ್ಟಿದ ಹೊಸಾ ನೋವೋ? ಎರಡಕ್ಕೂ ಒಂದೇ ಶಾಯಿ, ಮೇಷ್ಟ್ರೇ” ಎನ್ನುತ್ತಿದ್ದರು. ಒಂದು ದಿನ ನೀಲಿ ಶಾಯಿಯನ್ನೂ ತಂದರು. ಯಾವುದಕ್ಕೆ ಯಾವ ಬಣ್ಣವೆಂದು ತೀರ್ಮಾನವಾಗದೆ ಆ ಶಾಯಿಬುಡ್ಡಿ ಮುಚ್ಚಳ ತೆರೆಯದೆಯೇ ಉಳಿಯಿತು.

ಬೆಂಗಳೂರಿನಿಂದ ಕರೆ ಬಂತು. ಮೇಲಧಿಕಾರಿ ಸಂಸ್ಥಾನದ ದೊಡ್ಡ ನಕ್ಷೆಯ ಮೇಲೆ ಕೋಲಿಟ್ಟು, ಮಾದರಿಯಾಗಿದ್ದ ಊರನ್ನು ಕೆಡಿಸಿದಿರೆಂದು ಆಕ್ಷೇಪಿಸಿ, ದಫೇದಾರನನ್ನು ಹಿಂದಕ್ಕೆ ಕರೆಸಿಕೊಳ್ಳಿರೆಂದರಂತೆ. “ಏನಂದ್ರಿ?” ಎಂದು ನಾನು ಕೇಳಿದೆ. “ಕೆಟ್ಟಿದೆಯೋ ಇಲ್ವೋ ನನಗೆ ಇನ್ನೂ ಅರ್ಥ ಆಗಿಲ್ಲ ಸಾರ್, ಅರ್ಥ ಆಗೋತನಕ ಬರ್ಕೊಳ್ಳೋದು ನಿಲ್ಸಲ್ಲ ಅಂದೆ” ಎಂದರು. ಆ ಮಾತಿನಲ್ಲಿ ಶೌರ್ಯವೇನೂ ಇರಲಿಲ್ಲ. ಕೆಲವೇ ವಾರಗಳಲ್ಲಿ ಸಂಸ್ಥಾನದ ಇನ್ನೊಂದು ತುದಿಗೆ ವರ್ಗವಾಯಿತು.

ಅವರು ಹೊರಡುವ ಬೆಳಿಗ್ಗೆ ಗಾಡಿಗೆ ಸಾಮಾನು ಹೇರುತ್ತಿದ್ದಾಗ ಬೈರಮ್ಮ ನಡೆದು ಬಂದಳು. ಇನ್ಸ್‌ಪೆಕ್ಟರು ಆಕೆಯ ಮುಂದೆ ತಪ್ಪಿತಸ್ಥನಂತೆ ನಿಂತು, “ನಾನು ಮಾಡಿದ್ದು ಒಳ್ಳೇದಾಯ್ತೋ ಕೆಟ್ಟದಾಯ್ತೋ, ನೀನಾದ್ರೂ ಹೇಳಮ್ಮ” ಎಂದರು.

ಬೈರಮ್ಮ ಸೆರಗನ್ನು ಸರಿಮಾಡಿಕೊಂಡಳು. “ನಂಗೇನು ಗೊತ್ತಾದಾತು ಸಾಮಿ. ಪಟೇಲ್ರ ತಮ್ಮ ಬಿಡುಗಡೆ ಆಗಿ ಬಂದವ್ನೆ. ಮೊನ್ನೆ ಬದುವಿನ್ಮೇಲೆ ಎದುರಾದ. ನಾನು ಇಳೀಲಿಲ್ಲ. ಅವ್ನೇ ಕೆಳಗಿಳ್ದು ದಾರಿ ಬಿಟ್ಟ. ಹೆದ್ರಿ ಬಿಟ್ನೋ, ಹಲ್ಲು ಕಡ್ಕೊಂಡು ಬಿಟ್ನೋ, ತಿರುಗಿ ನೋಡ್ಲಿಲ್ಲ ನಾನು.”

ಹೊಸದಾಗಿ ಬಂದ ಇನ್ಸ್‌ಪೆಕ್ಟರು ಚುರುಕಿನ ಮನುಷ್ಯ. ಎಲ್ಲಕ್ಕೂ ಉತ್ತರ ಬಲ್ಲವರು. ದಫೇದಾರ ಹಿಂದಕ್ಕೆ ಬಂದ. ಮರುವರ್ಷದ ನಕ್ಷೆಯಲ್ಲಿ ಆ ಊರು ಮತ್ತೆ ಬಿಳುಪಾಗಿತ್ತೆಂದು ಕೇಳಿದೆ. ಅಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ, ನಾನರಿಯೆ.

ಅಂಕಿಗಳನ್ನು ವೇದವೆಂದು ನಂಬಿ ಸುಖವಾಗಿ ನಿದ್ರಿಸುವ ಅಧಿಕಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಎಲ್ಲ ಅಂಕಿಯೂ ಸುಳ್ಳೆಂದು ನಕ್ಕು ಹೊಣೆಯಿಂದ ಜಾರಿಕೊಂಡ ಬುದ್ಧಿವಂತರನ್ನೂ ಕಂಡಿದ್ದೇನೆ. ಮನಸ್ಸಿನ ಕಳವಳ ಒಂದಿಷ್ಟೂ ತಿಳಿಯಾಗದಿದ್ದರೂ ಎದುರಿಗೆ ನಿಂತವರ ಮಾತನ್ನು ಕಿವಿಗೊಟ್ಟು ಕೇಳುವ ಇನ್ನೊಂದು ಬಗೆಯ ಜನ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಅವರಿಂದ ಲೋಕ ನೆಟ್ಟಗಾಗುತ್ತದೆಂದು ಹೇಳಲಾರೆ. ಎಷ್ಟೋ ಸಲ ಕದಡಿಯೇ ಹೋಗುತ್ತದೆ. ಆದರೆ ಅಂಥವರು ಹೊರಟುಹೋದ ಮೇಲೆ ಊರಿಗೆ ಮರಳುತ್ತದಲ್ಲ ಒಂದು ಶಾಂತಿ, ಅದನ್ನು ಮಾತ್ರ ನಂಬಲು ನನ್ನಿಂದ ಆಗಿಲ್ಲ.